ಲಯನ್ ಮೀನೂ ನಮ್ಮ ಮನೆಯವರೂ

"ಅಯ್ಯಯ್ಯೋ!" ಎಂದು ನಮ್ಮ ಮನೆಯವರು ಕಿರುಚಿದಾಗ ನಾನು ದೋಸೆ ಹೊಯ್ಯುತ್ತಿದ್ದೆ. ಮುಂಬಯಿಯ ಘಾಟ್ಕೋಪರಿನ ನಮ್ಮ ಮನೆಯ ಹಾಲ್‌ನಲ್ಲಿ ಉಪ್ಪುನೀರಿನ ಮೀನಿನ ಟ್ಯಾಂಕ್ ತೊಳೆಯುವಾಗ ಅವರ ಮುದ್ದಿನ ಲಯನ್ ಮೀನು ಬೆರಳಿಗೆ ವಿಷದ ಮುಳ್ಳು ಚುಚ್ಚಿತ್ತು. ನಾನು ತಿಂದೆನಾ ಎಂದು ಕೇಳದವರು ಅದಕ್ಕೆ ದಿನಾ ಸಿಗಡಿ ತಿನ್ನಿಸುತ್ತಾರೆ.

ನಾನು ಐಸ್ ತಂದೆ. ಡಾಕ್ಟರಿಗೆ ಫೋನ್ ಮಾಡಿದ್ದ ಮೊಮ್ಮಗಳು, "ಅಜ್ಜಿ, ಐಸ್ ನಕೋ, ಬೇಡ! ಗರಮ್ ಪಾನಿ. ಕೈ ಸುಡಬಾರದು ಅಷ್ಟೇ. ಆಮೇಲೆ ಆಸ್ಪತ್ರೆ," ಎಂದಳು. ಬಿಸಿನೀರು ತಂದು, ಬಿಸಿ ನೋಡಲು ಮೊದಲು ನನ್ನ ಕೈ ಅದ್ದಿ, ಆಮೇಲೆ ಅವರ ಕೈ ಹಿಡಿದು ಮುಳುಗಿಸಿ ಕೂತೆ. ನೋವು ತುಸು ಇಳಿದದ್ದೇ, "ಮೀನಿಗೇನೂ ಆಗಿಲ್ಲ ತಾನೇ ಮಾರಾಯ್ತಿ?" ಎಂದರು.

"ಇನ್ನು ಆಗುತ್ತದೆ. ಮಸಾಲೆ ಅರೆದಿಟ್ಟಿದ್ದೇನೆ," ಎಂದೆ.

ಕೈ ವಾಸಿಯಾಯಿತು. ಮದುವೆಯಾದ ಮೇಲೆ ಇವರ ಕೈಯನ್ನು ನಾನು ಅಷ್ಟು ಹೊತ್ತು ಹಿಡಿದದ್ದು ಅದೇ ಮೊದಲು. ಅದೂ ಆ ಮೀನಿನಿಂದಲೇ ಆಯಿತಲ್ಲ ಎಂದು ಇನ್ನೂ ಹೊಟ್ಟೆ ಉರಿಯುತ್ತದೆ.