ಕರ್ನಲ್‌ನ ಸಾರು ಕುಡಿದವನ ಇಪ್ಪತ್ತೇಳು ಔಟ್

ಎಲೆಉತೆರಿಯೊ ಮೈರೇನಾ ಎಂಬ ಪೂರ್ತಿ ಹೆಸರಿನಿಂದ ಅವನನ್ನು ನಮ್ಮ ಎಲ್ ತೆಹಾರ್‌ನಲ್ಲಿ ಯಾರೂ ಕರೆಯುವುದಿಲ್ಲ. ತೆಯೋ ಎಂದರೆ ಸಾಕು. ವಯಸ್ಸು ನಲವತ್ತೊಂದು. ಅವನ ಹೆಂಡತಿ ನಿನೋಸ್ಕಾ ನಲವತ್ತೆರಡು ಎನ್ನುತ್ತಾಳೆ. ಚರ್ಚಿನ ಪುಸ್ತಕ ತೆಗೆಸಿ ನೋಡಿದೆ, ನಲವತ್ತೊಂದೇ.

ಅವನ ಕೆಲಸ ಹೆಂಚೆಸೆಯುವುದು. ಮನೆಗೆ ಹೆಂಚು ಹೊದಿಸುವಾಗ ಒಬ್ಬ ಮಾಡಿನ ಮೇಲೆ ಕೂರುತ್ತಾನೆ, ತೆಯೋ ನೆಲದಿಂದ ಒಂದೊಂದೇ ಹೆಂಚನ್ನು ಮೇಲಕ್ಕೆಸೆಯುತ್ತಾನೆ. ಹೆಂಚು ಮೇಲಿನವನ ಅಂಗೈಗೆ ಬಂದು ಕೂರಬೇಕು, ಬಡಿಯಬಾರದು. ಇಪ್ಪತ್ತೆರಡು ವರ್ಷದಲ್ಲಿ ಅವನ ಕೈಯಲ್ಲಿ ಒಡೆದ ಹೆಂಚು ನಾಲ್ಕು. ಅದರಲ್ಲಿ ಒಂದು ಭೂಕಂಪವಾದ ದಿನದ್ದು, ಅದನ್ನು ಲೆಕ್ಕಕ್ಕೆ ಹಿಡಿಯಬಾರದು ಎಂಬುದು ಅವನ ವಾದ.

ಭಾನುವಾರಗಳಲ್ಲಿ ಅದೇ ಕೈ ಊರಿನ ಬೇಸ್‌ಬಾಲ್ ತಂಡಕ್ಕೆ ಚೆಂಡೆಸೆಯುತ್ತದೆ. ತಂಡದ ಯಜಮಾನರು ಇಟ್ಟಿಗೆ ಗೂಡಿನ ದೊನ್ ಫುಲ್ಹೆನ್ಸಿಯೊ. ತೆಯೋನ ಮಗಳ ಜ್ಞಾನಸ್ನಾನದ ದಿನ ಅವಳನ್ನು ಎತ್ತಿಕೊಂಡ ಧರ್ಮತಂದೆ ಅವರೇ. ಹಾಗಾಗಿ ಇಬ್ಬರೂ ಒಬ್ಬರನ್ನೊಬ್ಬರು ಕೊಂಪಾದ್ರೆ ಎಂದು ಕರೆಯುತ್ತಾರೆ. ನಮ್ಮಲ್ಲಿ ಗಂಡಸರು ಹೆಂಡತಿಯ ಜೊತೆ ಜಗಳವಾಡುತ್ತಾರೆ, ಅಣ್ಣತಮ್ಮಂದಿರ ಜೊತೆ ಆಡುತ್ತಾರೆ, ಕೊಂಪಾದ್ರೆಯ ಜೊತೆ ಆಡುವುದಿಲ್ಲ. ಆ ನಂಟು ಒಮ್ಮೆ ಕಡಿದರೆ ಮತ್ತೆ ಕೂಡುವುದಿಲ್ಲ.

ದೊನ್ ಫುಲ್ಹೆನ್ಸಿಯೊ ಒಂದು ಗರ್ರೋಬೊ ಸಾಕಿದ್ದರು. ಉಡದಂಥ ಕಪ್ಪು ಪ್ರಾಣಿ, ಬೆನ್ನುದ್ದಕ್ಕೂ ಮುಳ್ಳು, ಹಿಂಗಾಲಿಗೆ ಕೆಂಪು ರಿಬ್ಬನ್ನು, ಹೆಸರು ಕರ್ನಲ್. ಪಂದ್ಯದ ದಿನ ಆಟಗಾರರ ಬೆಂಚಿನ ಮಾಡಿನ ಮೇಲೆ ಕರ್ನಲ್ ಬಿಸಿಲು ಕಾಯಿಸಿಕೊಂಡು ಮಲಗಿದರೆ ನಮಗೆ ಗೆಲುವು ಖಂಡಿತ ಎಂದು ಊರು ನಂಬಿತ್ತು. ಸೋತ ದಿನಗಳಲ್ಲೂ ಅದು ಅಲ್ಲೇ ಮಲಗಿತ್ತು. ಆ ದಿನಗಳಲ್ಲಿ ತಲೆ ಬೇರೆ ದಿಕ್ಕಿಗಿತ್ತು ಎನ್ನುತ್ತಾರೆ.

ಫೈನಲ್ ಪಂದ್ಯಕ್ಕೆ ಒಂಬತ್ತು ದಿನವಿತ್ತು. ಈಸ್ಟರ್‌ಗೆ ಮುಂಚಿನ ಉಪವಾಸದ ಶುಕ್ರವಾರ ಮಾಂಸ ತಿನ್ನಬಾರದು. ಆದರೆ ಗರ್ರೋಬೊ ಮಾಂಸವಲ್ಲ, ಹೇಗೆಂದು ಕೇಳಬಾರದು. ಆ ಶುಕ್ರವಾರ ತೆಯೋ ಹೆಂಚು ಎಸೆಯುತ್ತಿದ್ದಾಗ ಪಕ್ಕದ ಮನೆಯ ಮಾಡಿನ ತುದಿಯಲ್ಲಿ ಒಂದು ದಪ್ಪ ಗರ್ರೋಬೊ ಕಂಡಿತು. ಕೈಗೆ ಸಿಕ್ಕ ಹೆಂಚಿನ ಚೂರು ಬೀಸಿದ. ಒಂದೇ ಏಟು.

ನಿನೋಸ್ಕಾ ಜೋಳದ ಹಿಟ್ಟು ಕದಡಿ ಸಾರು ಮಾಡಿದಳು. ತೆಯೋ ಎರಡನೆಯ ಬಟ್ಟಲು ಮುಗಿಸಿ ತಲೆ ಎತ್ತಿದಾಗ ಕಿಟಕಿಯಲ್ಲಿ ಕೆಂಪು ರಿಬ್ಬನ್ನು ಕಂಡಿತು. ಸಂತೆಯಲ್ಲಿ ಯಾರೋ ಕಾಲು ಕಟ್ಟಿದ್ದು ತಪ್ಪಿಸಿಕೊಂಡು ಬಂದಿರಬೇಕು ಎಂದುಕೊಂಡು ಅವಳೇ ಬಿಚ್ಚಿಟ್ಟಿದ್ದಳು. ತೆಯೋ ತಲೆಯ ಮೇಲೆ ಕೈ ಹೊತ್ತು ಕುಳಿತ.

“ತಿಂದಾಯ್ತಲ್ಲ, ಇನ್ನೇನು ಮಾಡ್ತೀಯ? ಎಲುಬು ಜೋಡಿಸಿ ವಾಪಸ್ ಕೊಡ್ತೀಯಾ?” ಎಂದಳು ನಿನೋಸ್ಕಾ.

ಹೇಳಿಬಿಡಬೇಕೆಂದು ಅವನು ಮೂರು ಸಲ ಕೊಂಪಾದ್ರೆಯ ಮನೆಗೆ ಹೋದ. ಮೂರು ಸಲವೂ ಅವರು ಕರ್ನಲ್‌ನನ್ನು ಹುಡುಕಲು ಅವನನ್ನೇ ಜೊತೆಗೆ ಕರೆದುಕೊಂಡು ಹೊರಟರು. ತೆಯೋ ಮಾವಿನ ಮರದ ಕೆಳಗೆ ನಿಂತು “ಕರ್ನಲ್, ಕರ್ನಲ್” ಎಂದು ಕೂಗಿದ. ಆಗ ಅವನ ಹೊಟ್ಟೆ ಗುರ್ರೆಂದಿತು ಎಂದು ಅವನೇ ನನಗೆ ಹೇಳಿದ್ದಾನೆ.

ಫೈನಲ್ ಲಾಸ್ ಪೋಸಾಸ್ ಊರಿನವರ ಮೇಲೆ. ಒಂಬತ್ತು ಸುತ್ತು, ಸುತ್ತಿಗೆ ಮೂವರಂತೆ ಎದುರಾಳಿಗಳ ಇಪ್ಪತ್ತೇಳು ಔಟ್ ಬೇಕು. ತೆಯೋ ಎಸೆಯುತ್ತಾ ಹೋದ, ಅವರು ಔಟಾಗುತ್ತಾ ಹೋದರು. ಐದನೆಯ ಸುತ್ತು ಮುಗಿದರೂ ಅವರಲ್ಲಿ ಒಬ್ಬನೂ ಓಡಿ ಮೊದಲ ಬೇಸ್ ಎಂಬ ಮೂಲೆಯನ್ನು ಮುಟ್ಟಿರಲಿಲ್ಲ. ಒಬ್ಬನೂ ಬೇಸ್ ಮುಟ್ಟದೆ ಇಪ್ಪತ್ತೇಳೂ ಔಟಾಗುವುದು ನಮ್ಮ ಜಿಲ್ಲೆಯ ಫೈನಲ್‌ನಲ್ಲಿ ಅದುವರೆಗೆ ಆಗಿರಲಿಲ್ಲ.

ಇಂಥ ಹೊತ್ತಿನಲ್ಲಿ ಪಾಲಿಸಬೇಕಾದ ಒಂದು ಪದ್ಧತಿ ನಮ್ಮಲ್ಲಿದೆ. ಎಸೆಯುವವನ ಜೊತೆ ಯಾರೂ ಮಾತಾಡಬಾರದು, ಅವನ ಹತ್ತಿರ ಕೂರಬಾರದು, ಆ ವಿಷಯ ಎತ್ತಲೇಬಾರದು. ನೋಡುವವರೂ ಇದ್ದ ಹಾಗೇ ಇರಬೇಕು. ಒಂದು ಕಾಲಿನ ಚಪ್ಪಲಿ ಬಿಟ್ಟಿದ್ದ ದೊನ್ಯಾ ಚಿಲೋ ಅದನ್ನು ಮತ್ತೆ ಮೆಟ್ಟಲಿಲ್ಲ. ಪಾದ್ರಿಗಳು ಕಚ್ಚಿದ ಮಾವಿನ ಹೋಳನ್ನು ಬಾಯಲ್ಲೇ ಇಟ್ಟುಕೊಂಡರು. ಕ್ಷೌರಿಕ ಎವೆನೋರ್ ಪಾಯಿಖಾನೆಗೆ ಹೋಗಿದ್ದ. ಅಲ್ಲೇ ಇರು, ಹೊರಗೆ ಬಂದರೆ ಕಾಲು ಮುರಿಯುತ್ತೇವೆ ಎಂದು ಬಾಗಿಲಿಗೆ ಹೇಳಿ ಕಳಿಸಿದರು.

ಇದೆಲ್ಲ ತೆಯೋನಿಗೆ ಗೊತ್ತಿರದ ಪದ್ಧತಿಯಲ್ಲ. ಆದರೆ ಅವನು ಔಟ್ ಎಣಿಸುವವನಲ್ಲ. ಹೆಂಚೆಸೆಯುವಾಗ ಮೇಲಿನವನ ಕೈ ನೋಡುವಂತೆ ಇಲ್ಲಿ ಎದುರು ಕುಳಿತು ಚೆಂಡು ಹಿಡಿಯುವ ಕ್ಯಾಚರ್ ವಿಲ್ಮೊರ್‌ನ ಕೈಗವಸು ಮಾತ್ರ ನೋಡುತ್ತಾನೆ. ಆರನೆಯ ಸುತ್ತು ಮುಗಿಸಿ ಬೆಂಚಿಗೆ ಬಂದು ಕುಳಿತ. ಎಲ್ಲರೂ ಎದ್ದು ಆ ತುದಿಗೆ ಹೋದರು. ನೀರು ಕೇಳಿದ. ವಿಲ್ಮೊರ್ ಬೇರೆಲ್ಲೋ ನೋಡುತ್ತಾ ಬಾಟಲಿಯನ್ನು ಕಾಲಿನಿಂದ ತಳ್ಳಿದ. ತೆಯೋ ಕೊಂಪಾದ್ರೆಯ ಕಡೆ ನೋಡಿ ನಕ್ಕ. ಅವರು ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡರು.

ವಿಷಯ ಗೊತ್ತಾಗಿಹೋಗಿದೆ ಎಂದುಕೊಂಡ ತೆಯೋ. ಊರಿಗೆಲ್ಲ ಗೊತ್ತಾಗಿದೆ.

ಏಳು, ಎಂಟು. ದುಃಖದಲ್ಲಿ ಅವನ ಎಸೆತ ಇನ್ನೂ ಚೊಕ್ಕವಾಯಿತು. ಎಂಟು ಮುಗಿದಾಗ ಅವನಿಗೆ ತಡೆಯಲಾಗಲಿಲ್ಲ. ಜೇಬಿನಿಂದ ರಿಬ್ಬನ್ನು ತೆಗೆದು ಬೆಂಚಿನ ಆ ತುದಿಗೆ ಹೋಗಿ ದೊನ್ ಫುಲ್ಹೆನ್ಸಿಯೊರ ಅಂಗೈಯಲ್ಲಿಟ್ಟ.

“ಕೊಂಪಾದ್ರೆ, ಕರ್ನಲ್ ಓಡಿಹೋಗಿಲ್ಲ. ಹೊಡೆದವನು ನಾನು. ತಿಂದವನೂ ನಾನೇ. ಎರಡು ಬಟ್ಟಲು.”

ದೊನ್ ಫುಲ್ಹೆನ್ಸಿಯೊರಿಗೆ ಅದುವರೆಗೆ ಏನೂ ಗೊತ್ತಿರಲಿಲ್ಲ. ಅವರ ಮುಖ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು, ಬಾಯಿ ತೆರೆಯಿತು. ವಿಲ್ಮೊರ್ ಹಾರಿ ಬಂದು ತನ್ನ ಕೈಗವಸನ್ನು ಆ ಬಾಯಿಗೆ ಒತ್ತಿದ. ಇನ್ನು ಮೂರೇ ಔಟ್ ಬಾಕಿ. ಕೈಗವಸಿನೊಳಗೆ ಏನೋ ಕುದಿಯಿತು, ಹೊರಗೆ ಒಂದಕ್ಷರವೂ ಬರಲಿಲ್ಲ.

“ಒಂದು ಮಾತಾದ್ರೂ ಬೈದುಬಿಡಿ” ಎಂದು ತೆಯೋ ಅಂಗಲಾಚಿದ. ಯಾರೂ ಉಸಿರೆತ್ತಲಿಲ್ಲ. ನಂಟು ಕಡಿಯಿತು ಎಂದು ಅವನು ಕಣ್ಣೊರೆಸಿಕೊಂಡು ಮೈದಾನಕ್ಕೆ ಹೋದ.

ಮೂರು ಎಸೆತ ತಪ್ಪಿದರೆ ಔಟ್, ಮೊದಲನೆಯವನು ಮೂರಕ್ಕೂ ಬರೀ ಗಾಳಿಗೆ ಬ್ಯಾಟು ಬೀಸಿದ. ಎರಡನೆಯವನು ಹೊಡೆದ ಚೆಂಡು ನೆಟ್ಟಗೆ ಮೇಲೆ ಹೋಗಿ ವಿಲ್ಮೊರ್‌ನ ಕೈಗೇ ಬಿತ್ತು. ಕೊನೆಯವನಿಗೆ ತೆಯೋ ಎಸೆದ ಮೂರನೆಯ ಚೆಂಡು, ಮಾಡಿನ ಮೇಲಿನವನ ಅಂಗೈಗೆ ಹೆಂಚು ಕೂರುವಂತೆ, ಕೈಗವಸಿಗೆ ಹೋಗಿ ಕುಳಿತಿತು. ಆ ಮನುಷ್ಯ ಬ್ಯಾಟು ಎತ್ತಲೇ ಇಲ್ಲ. ಇಪ್ಪತ್ತೇಳು.

ಇಡೀ ಊರು ಮೈದಾನಕ್ಕೆ ನುಗ್ಗಿತು. ದೊನ್ಯಾ ಚಿಲೋ ಆ ಒಂದು ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ಓಡಿ ಬಂದಳು. ಅದನ್ನು ನೋಡಿ ತೆಯೋ ಓಟ ಕಿತ್ತ. ಬೇಲಿ ಹಾರಿ ಜೋಳದ ಹೊಲ ದಾಟಿದ. ತಂಡದವರು ಅವನನ್ನು ಹಿಡಿದದ್ದು ಇಟ್ಟಿಗೆ ಗೂಡಿನ ಹಿಂದೆ. ಹೊಡೆಯುತ್ತಾರೆಂದು ಮುಖ ಮುಚ್ಚಿಕೊಂಡವನನ್ನು ಹೆಗಲಿಗೇರಿಸಿದರು. ಪಂದ್ಯದಲ್ಲಿ ಅವನು ಮಾಡಿದ್ದೇನು, ಯಾರೂ ಮಾತಾಡದೆ ಇದ್ದದ್ದೇಕೆ ಎಂದು ವಿಲ್ಮೊರ್ ಎರಡು ಸಲ ವಿವರಿಸಬೇಕಾಯಿತು.

ಕೊನೆಗೆ ಏದುಸಿರು ಬಿಡುತ್ತಾ ದೊನ್ ಫುಲ್ಹೆನ್ಸಿಯೊ ಬಂದರು. ತೆಯೋ ಹೆಗಲಿನಿಂದ ತಾನಾಗಿ ಇಳಿದು ತಲೆ ತಗ್ಗಿಸಿ ನಿಂತ. ಅವರು ಒಂದು ಸುತ್ತಿನುದ್ದಕ್ಕೂ ಕೂಡಿಟ್ಟಿದ್ದ ಬೈಗುಳವನ್ನೆಲ್ಲ ಒಂದೂ ಬಿಡದೆ ಬೈದರು. ಅದನ್ನು ನಾನು ಇಲ್ಲಿ ಬರೆಯುವಂತಿಲ್ಲ. ತೆಯೋನ ಮುಖ ಮಾತ್ರ ಒಂದೊಂದು ಬೈಗುಳಕ್ಕೂ ಅರಳುತ್ತಾ ಹೋಯಿತು. ಬೈದು ಮುಗಿಸಿ ಅವರು ರಿಬ್ಬನ್ನನ್ನು ಬೆರಳಿಗೆ ಸುತ್ತಿಕೊಂಡರು.

“ಹೇಗಿತ್ತು, ಕೊಂಪಾದ್ರೆ?”

“ಬೇಯಲೇ ಇಲ್ಲ, ಕೊಂಪಾದ್ರೆ. ಮೂರು ಗಂಟೆ ಒಲೆ ಮೇಲಿಟ್ರೂ ಗಟ್ಟಿ.”

“ಹೌದು. ಮೊದಲಿಂದಲೂ ಹಟಮಾರಿ ಅವನು” ಎಂದು ದೊನ್ ಫುಲ್ಹೆನ್ಸಿಯೊ ಹೆಮ್ಮೆಯಿಂದ ಕಣ್ಣೊರೆಸಿಕೊಂಡು ತೆಯೋನನ್ನು ತಬ್ಬಿಕೊಂಡರು.

ಎವೆನೋರ್‌ನಿಗೆ ಪಂದ್ಯ ಮುಗಿದದ್ದನ್ನು ಹೇಳಲು ಎಲ್ಲರೂ ಮರೆತಿದ್ದರು. ಅವನು ಸಂಜೆಯ ಪೂಜೆಯ ಗಂಟೆಯಾದ ಮೇಲೆ ಹೊರಗೆ ಬಂದ.

ತೆಯೋ ಈಗಲೂ ಹೆಂಚೆಸೆಯುತ್ತಾನೆ. ಮಾಡಿನ ಮೇಲೆ ಎಂಥ ಬಡಕಲು ಗರ್ರೋಬೊ ಕಂಡರೂ ಹೆಂಚು ಕೆಳಗಿಟ್ಟು, ಇದು ಯಾರ ಮನೆಯದು ಎಂದು ಬೀದಿಗೆಲ್ಲ ಕೇಳುವಂತೆ ಮೂರು ಸಲ ವಿಚಾರಿಸುತ್ತಾನೆ. ಅಷ್ಟರಲ್ಲಿ ಅದು ಹೋಗಿರುತ್ತದೆ.