ಬಾಟಲಿ ಅಕ್ಕ ಕೂಡಿಸಿಬಿಟ್ಟ ಬೆಳಕು

ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಬಾಟಲಿ ಅಕ್ಕನಿಗೆ ಇಪ್ಪತ್ತೊಂಬತ್ತು ವರ್ಷದಿಂದ ಅದೇ ಸ್ಟೂಲು, ಅದೇ ಕೆಲಸ. ಯಂತ್ರವು ಒಂದೊಂದು ಬಾಟಲಿಯ ನೀರಿಗೂ ನಲವತ್ತು ಬಗೆಯ ಬೆಳಕನ್ನು ಒಂದಾದ ಮೇಲೊಂದು ಹಾಯಿಸುತ್ತದೆ. ಪ್ರತಿ ಬೆಳಕಿಗೂ ನೀರು ತನ್ನದೊಂದು ಮಿನುಗನ್ನು ವಾಪಸು ಕೊಡುತ್ತದೆ. ಆ ಮಿನುಗಿನ ಏರಿಳಿತವನ್ನು ಯಂತ್ರ ಒಂದು ಗೆರೆಯಾಗಿ ಬರೆಯುತ್ತದೆ. ಹೀಗೆ ನಲವತ್ತು ಗೆರೆ. ಆದರೆ ವರದಿಯ ನಮೂನೆಯಲ್ಲಿ ಒಂದೇ ಗೆರೆಗೆ ಜಾಗ! ಅಕ್ಕ ನಲವತ್ತನ್ನೂ ಕೂಡಿಸಿ ಒಂದು ಮಾಡುತ್ತಿದ್ದಳು. ಆಕೆಗೆ ಕಲಿಸಿದವರೂ ಹಾಗೇ ಮಾಡುತ್ತಿದ್ದರು. ಮೂಲ ಅಂಕಿಗಳನ್ನು ಅಳಿಸಲು ಮಾತ್ರ ಆಕೆಗೆ ಮನಸ್ಸು ಬಾರದು. ಕಂಪ್ಯೂಟರ್ ಕುಂಟುತ್ತಿದೆ ಎಂದು ಮೇಲಧಿಕಾರಿ ಗೊಣಗಿದರೆ, ಆ ಕಿವಿಯಲ್ಲಿ ಕೇಳಿ ಈ ಕಿವಿಯಲ್ಲಿ ಬಿಡುತ್ತಿದ್ದಳು.

ಈ ವರ್ಷ ಕೆರೆಯ ನೀರಿನ ಮೇಲೆ ದೂರು ಬಂತು. ಹದಿನೆಂಟು ಬಾಟಲಿ ನೀರು ಪರೀಕ್ಷೆಗೆ ಬಂದವು. ಗೆರೆ ಉಬ್ಬಿದ್ದು ಸೋಪಿನ ಪುಡಿಯ ಹೊಳಪು ಕಾಣುವ ಜಾಗದಲ್ಲಿ. ಅಕ್ಕ ‘ಸೋಪು’ ಎಂದು ಬರೆದು ಸಹಿ ಹಾಕಿದಳು. ದಂಡೆಯಲ್ಲಿ ಉಳಿದಿದ್ದದ್ದು ಒಂದೇ ಲಾಂಡ್ರಿ. ಸೋಮವಾರ ಅದಕ್ಕೆ ಬೀಗ ಹಾಕಬೇಕೆಂದು ಆದೇಶವಾಯಿತು.

ಶುಕ್ರವಾರ ಲಾಂಡ್ರಿಯವನು ಅಕ್ಕನ ಮನೆ ಬಾಗಿಲಿಗೇ ಬಂದ. "ಅಕ್ಕಾ, ನನ್ನ ನೀರು ಒಂದು ಹನಿನೂ ಕೆರೆಗೆ ಹೋಗಲ್ಲ. ಹಿಂದಿನ ಚರಂಡಿಗೆ ಬಿಡ್ತೀನಿ. ನೀವೇ ಬಂದು ನೋಡಿ."

"ಯಂತ್ರ ಸುಳ್ಳು ಹೇಳಲ್ಲಪ್ಪಾ," ಎಂದಳು ಅಕ್ಕ. ಹೇಳಿದ್ದೇನೋ ಹೇಳಿದಳು, ಊಟ ಸೇರಲಿಲ್ಲ. ಶನಿವಾರ ತಾನೇ ಹೋಗಿ ಆ ಚರಂಡಿಯಿಂದ ಒಂದು ಬಾಟಲಿ ತುಂಬಿ ತಂದು ಅಳೆದಳು.

ಸೊಸೆ ಕಾಲೇಜಿನಲ್ಲಿ ಗಣಿತ ಕಲಿಸುವವಳು. ಭಾನುವಾರ ಬೆಳಿಗ್ಗೆ ಸಂಗತಿ ಕೇಳಿ ನಕ್ಕಳು. "ಯಂತ್ರ ಸುಳ್ಳು ಹೇಳಿಲ್ಲ ಅತ್ತೆ. ಅದು ನಲವತ್ತು ಮಾತು ಹೇಳಿದರೆ ನೀವು ಒಂದೇ ಕೇಳಿಸಿಕೊಂಡಿದ್ದೀರಿ."

"ಪಾಠ ಸಾಕು, ದಾರಿ ಹೇಳು."

"ಅಡ್ಡಸಾಲು, ಕಂಬಸಾಲು ಎರಡೇ ಇದ್ದರೆ ಕಲೆತ ಅಂಕಿಗಳನ್ನ ಒಡೆದು ಬೇರೆ ಮಾಡೋಕೆ ಲೆಕ್ಕವಿಲ್ಲದಷ್ಟು ದಾರಿ. ಯಾವುದು ನಿಜ ಅಂತ ಹೇಳೋಕಾಗಲ್ಲ. ನಿಮ್ಮ ಹತ್ರ ಮೂರು ದಿಕ್ಕಿದೆ. ಬಾಟಲಿ, ಹಾಯಿಸಿದ ಬೆಳಕು, ವಾಪಸು ಬಂದ ಮಿನುಗು. ಒಂದೊಂದು ಬಾಟಲಿಗೂ ಒಂದೊಂದು ಅಂಕಿಯ ಹಾಳೆ. ಆ ಹಾಳೆಗಳನ್ನ ಒಂದರ ಮೇಲೊಂದು ಪೇರಿಸಿದರೆ ಅದು ಟೆನ್ಸರ್. ಅದನ್ನ ಒಡೆದರೆ ಸಾಮಾನ್ಯವಾಗಿ ಒಂದೇ ಉತ್ತರ."

ಇಬ್ಬರೂ ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟು, ಅಕ್ಕ ನಕಲು ಮಾಡಿ ತಂದಿದ್ದ ಮೂಲ ಅಂಕಿಗಳನ್ನು ತೆರೆದು ಕೂತರು. ಕುಕ್ಕರ್ ಕೂಗಿ ಸುಮ್ಮನಾಯಿತು. ಅಂಕಿಗಳು ಒಡೆದು ಪರದೆಯ ಮೇಲೆ ಎರಡು ಬೇರೆಬೇರೆ ಗೆರೆ ಮೂಡಿದವು. ಅಕ್ಕ ತಾನು ಹಿಂದೊಮ್ಮೆ ಬರೀ ಸೋಪಿನ ನೀರಿನಿಂದ ತೆಗೆದಿದ್ದ ಗೆರೆಯನ್ನು ಒಂದರ ಮೇಲಿಟ್ಟಳು. ಕೂದಲೆಳೆಯೂ ಆಚೀಚೆ ಇಲ್ಲ. ಕೊಳೆತ ಎಲೆಯ ನೀರಿನ ಗೆರೆಯನ್ನು ಇನ್ನೊಂದರ ಮೇಲಿಟ್ಟಳು. ಅದೂ ಹಾಗೇ ಕೂತಿತು. ಅಕ್ಕನ ಮೈ ಜುಮ್ಮೆಂದಿತು. "ಇದಕ್ಕೆ ಸೋಪು ಅಂದ್ರೇನು, ಎಲೆ ಅಂದ್ರೇನು ಅಂತ ಯಾರು ಹೇಳಿದ್ರೇ?"

"ಯಾರೂ ಹೇಳಿಲ್ಲ ಅತ್ತೆ."

ಅವು ಮೊದಲಿನಿಂದಲೂ ಆಕೆಯ ಅಂಕಿಗಳೊಳಗೇ ಬೇರೆಬೇರೆಯಾಗಿ ಇದ್ದವು. ಆಕೆಗೆ ಕಣ್ಣು ತುಂಬಿ ಬಂತು. ಚರಂಡಿಯ ಬಾಟಲಿಯ ತುಂಬ ಸೋಪಿತ್ತು. ಕೆರೆಯ ಹದಿನೆಂಟು ಬಾಟಲಿಗಳಲ್ಲಿ ಬರೀ ಎಲೆ. ನಲವತ್ತನ್ನೂ ಕೂಡಿಸಿದಾಗ ಎಲೆಯ ಗೆರೆಯೂ ಸೋಪಿನ ಜಾಗದಲ್ಲೇ ಉಬ್ಬಿತ್ತು.

ಸೋಮವಾರ ಬಾಗಿಲು ತೆರೆಯುವ ಹೊತ್ತಿಗೇ ಅಕ್ಕ ಕಚೇರಿಯಲ್ಲಿದ್ದಳು. ತನ್ನ ವರದಿಯನ್ನು ತಾನೇ ರದ್ದು ಮಾಡಿಸಿ, ನೇರ ಲಾಂಡ್ರಿಗೆ ನಡೆದಳು. "ತಪ್ಪು ನಂದೇ. ನಿನ್ನ ಅಂಗಡಿಗೆ ಬೀಗ ಬೀಳಲ್ಲ."

ಅವನು ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಕೈಮುಗಿದ. ಆಮೇಲೆ ಆಚೆ ದಂಡೆಯ ಕಡೆ ನೋಡಿದ. "ಹನ್ನೆರಡು ವರ್ಷದ ಹಿಂದೆ ಅಲ್ಲಿ ನಮ್ಮಣ್ಣನ ಲಾಂಡ್ರಿ ಇತ್ತಕ್ಕಾ. ಅದನ್ನೂ ಹೀಗೇ ‘ಸೋಪು’ ಅಂತ ವರದಿ ಬಂದು ಮುಚ್ಚಿಸಿದ್ರು."

ಆ ವರದಿಯ ಕೆಳಗಿನ ಸಹಿ ಯಾರದೆಂದು ಅಕ್ಕ ಕೇಳಲಿಲ್ಲ. ಪ್ರಯೋಗಾಲಯಕ್ಕೆ ಮರಳಿ, ಸ್ಟೂಲು ಎಳೆದುಕೊಂಡು, ಹನ್ನೆರಡು ವರ್ಷದ ಹಿಂದಿನ ಅಂಕಿಗಳನ್ನು ತೆರೆದಳು. ಅಷ್ಟೂ ಹಾಳೆಗಳು ಹಾಗೇ ಇದ್ದವು.