ಕುದುರೆ ಬಿಟ್ಟ ಗಿರದಾವರ

ನನ್ನ ಅಪ್ಪ ನಿಜಾಮರ ಸರ್ಕಾರದಲ್ಲಿ ಗಿರದಾವರರಾಗಿದ್ದರು. ಹಳ್ಳಿಗಳಿಗೆ ಹೋಗಿ ಬೆಳೆ ನೋಡುವುದು, ಹೊಲದ ಗಡಿಯ ತಕರಾರು ಕೇಳುವುದು, ಕೆರೆಯ ಒಡ್ಡು ಬಿರಿದಿದ್ದರೆ ತಹಸೀಲ್ದಾರರಿಗೆ ತಿಳಿಸುವುದು ಅವರ ಕೆಲಸ. ತಿಂಗಳ ಬಹುಪಾಲು ಕುದುರೆಯ ಮೇಲೆಯೇ ಕಳೆಯುತ್ತಿತ್ತು. ಬೇರೆಯವರು ಈ ತಿರುಗಾಟಕ್ಕೆ ಬೇಸತ್ತು ಕಚೇರಿಯೊಳಗಿನ ಕುರ್ಚಿಗೆ ಹಾತೊರೆಯುತ್ತಿದ್ದರು. ಅಪ್ಪನಿಗೆ ತಿರುಗಾಟವೇ ಬೇಕಾಗಿತ್ತು. ಮಳೆಗಾಲ ಬಿಟ್ಟರೆ ಅವರು ಮನೆಯೊಳಗೆ ಮಲಗಿದವರಲ್ಲ. ಮಾಳಿಗೆಯ ಮೇಲೆ ಕಂಬಳಿ ಹಾಸಿಕೊಳ್ಳುತ್ತಿದ್ದರು. ಊರೂರು ತಿರುಗಿ ಮನೆಗೆ ಬಂದಾಗ ಅವರ ಚೀಲದಲ್ಲಿ ಕವಳಿ ಹಣ್ಣೋ, ಗೀಜಗ ಬಿಟ್ಟುಹೋದ ಗೂಡೋ ಇರುತ್ತಿತ್ತು. ಅವ್ವ ಮೊದಲು ಆ ಚೀಲ ಕೊಡವಿ, ಆಮೇಲೆ ನೀರು ಕೊಡುತ್ತಿದ್ದಳು.

ಆಗ ನಾವು ಗಂಗಾವತಿಯಲ್ಲಿದ್ದೆವು. ಶುಕ್ರವಾರ ಕಚೇರಿಗೆ ರಜೆ. ಅಪ್ಪ ಬಂಡಿ ಕಟ್ಟಿಸಿ, ಅವ್ವನನ್ನೂ ನನ್ನನ್ನೂ ಕೈಗೂಸಾಗಿದ್ದ ತಂಗಿಯನ್ನೂ ಹನುಮನಹಳ್ಳಿಯ ಕಡೆ ಹೊಳೆಗೆ ಕರೆದೊಯ್ಯುತ್ತಿದ್ದರು. ನನ್ನ ನಡುವಿಗೆ ಒಣಗಿದ ಸೋರೆಬುರುಡೆ ಕಟ್ಟಿ ಈಜು ಕಲಿಸಿದರು. ಯಲಬುರ್ಗಿಯಿಂದ ಬಂದಿದ್ದ ಅಜ್ಜಿ, ಅಪ್ಪನ ತಾಯಿ, ಇದನ್ನು ಕೇಳಿ ಸಿಟ್ಟಾದಳು. ಹೆಣ್ಣುಹುಡುಗಿಗೆ ಈಜು ಯಾಕೆ ಎಂದು ಕೇಳಿದಳು.

"ಬಿದ್ದವರು ಗಂಡೋ ಹೆಣ್ಣೋ ಅಂತ ಹೊಳಿ ಕೇಳತೈತೇನವ್ವ?" ಎಂದರು ಅಪ್ಪ.

ಅವ್ವ ಬಂಡೆಯ ಮೇಲೆ ಕುಳಿತು, ನೀರಿನಲ್ಲಿ ಕಾಲು ಬಿಟ್ಟುಕೊಂಡು, ನಮಗೆ ರೊಟ್ಟಿ ಮುರಿದುಕೊಡುತ್ತಿದ್ದಳು. ಅವಳು ಅಷ್ಟು ನಗುವುದನ್ನು ನಾನು ಮನೆಯಲ್ಲಿ ಕಂಡಿರಲಿಲ್ಲ.

ಆಮೇಲೆ ಅಪ್ಪನಿಗೆ ಕುಷ್ಟಗಿಗೆ ವರ್ಗವಾಯಿತು. ಅಲ್ಲಿ ಹೊಳೆಯಿಲ್ಲ. ಎರೆಹೊಲ, ಬಿಸಿಲು, ಆಳದ ಬಾವಿಗಳು. ಅಜ್ಜಿಯೂ ನಮ್ಮ ಜೊತೆಗೇ ಬಂದಿದ್ದಳು. ಒಂದು ಬೇಸಿಗೆಯಲ್ಲಿ ಸುತ್ತಲಿನ ಹಳ್ಳಿಗಳಿಗೆ ಕಾಲರಾ ಬಂತು. ಕುಡಿಯುವ ನೀರಿನ ಬಾವಿಗಳಿಗೆಲ್ಲ ಔಷಧ ಹಾಕಿಸಬೇಕೆಂದು ತಹಸೀಲ್ದಾರರು ಅಪ್ಪನನ್ನು ಕಳಿಸಿದರು. ಆ ಔಷಧ ಬಿದ್ದರೆ ನೀರು ಕೆಂಪಗಾಗುತ್ತಿತ್ತು. ಒಂದು ಊರಿನಲ್ಲಿ ಜನ ಬಾವಿಯ ಸುತ್ತ ಕುಳಿತು, ಊರಮ್ಮ ಮುನಿಯುತ್ತಾಳೆ, ಹತ್ತಿರ ಬರಬೇಡಿ ಎಂದರಂತೆ. ಅಪ್ಪ ಒಂದು ಕೊಡ ನೀರು ಸೇದಿಸಿ, ಔಷಧ ಕಲಸಿ, ಎಲ್ಲರೆದುರು ತಾವೇ ಬೊಗಸೆ ತುಂಬ ಕುಡಿದರಂತೆ. ಆಮೇಲೆ ಜನ ದಾರಿ ಬಿಟ್ಟರು. ಇದೆಲ್ಲ ಅವರ ಜೊತೆ ಹೋಗಿದ್ದ ತಳವಾರ ಮುಂದೆ ಯಾವಾಗಲೋ ಹೇಳಿದ್ದು; ಅಪ್ಪ ಹೇಳಿದವರಲ್ಲ.

ಅವರು ಹೀಗೆ ಹಳ್ಳಿಗಳಲ್ಲಿದ್ದಾಗಲೇ ಕಾಲರಾ ನಮ್ಮ ಓಣಿಗೂ ಬಂತು. ಬೆಳಿಗ್ಗೆ ಮಾಳಿಗೆಯ ಮೇಲೆ ಸಂಡಿಗೆ ಹಾಕಿ ಇಳಿದ ಅವ್ವ, ಬಿಸಿಲು ಏರುವ ಹೊತ್ತಿಗೆ ಹಾಸಿಗೆ ಹಿಡಿದಳು. ಕಚೇರಿಯ ಜವಾನನೊಬ್ಬ ಅಪ್ಪನನ್ನು ಕರೆತರಲು ಹೋದ. ಅವನು ಅವರಿದ್ದ ಊರು ಮುಟ್ಟುವಷ್ಟರಲ್ಲಿ ಅಪ್ಪ ಮುಂದಿನ ಊರಿಗೆ ಹೋಗಿದ್ದರು. ಸಂಜೆಯೊಳಗೆ ಅವ್ವ ತೀರಿಕೊಂಡಳು. ಆ ರೋಗದಲ್ಲಿ ಹೋದವರನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಹೊತ್ತು ಮುಳುಗುವ ಮೊದಲೇ ಓಣಿಯವರು ಒಯ್ದುಬಿಟ್ಟರು.

ಅಪ್ಪ ಬಂದದ್ದು ಮರುದಿನ ಮಧ್ಯಾಹ್ನ. ಬಾಗಿಲಲ್ಲಿ ಕುದುರೆ ನಿಲ್ಲಿಸಿ ಅಜ್ಜಿಯ ಮುಖ ನೋಡಿದರು. ಯಾರೂ ಏನೂ ಹೇಳಬೇಕಾಗಲಿಲ್ಲ. ಕುದುರೆಯಿಂದ ಇಳಿಯುವುದನ್ನೂ ಮರೆತು, ತುಸುಹೊತ್ತು ಹಾಗೆಯೇ ಕುಳಿತಿದ್ದರು. ಆಮೇಲೆ ಒಳಗೆ ಬಂದು, ಅವ್ವ ಮಲಗಿದ್ದ ಜಾಗ ಯಾವುದೆಂದು ಕೇಳಿ, ಅಲ್ಲಿ ನೆಲದ ಮೇಲೆ ಕುಳಿತು ನನ್ನನ್ನು ಹತ್ತಿರ ಕರೆದರು.

"ಕಡೀಕ ಏನಂದ್ಲು ನಿಮ್ಮವ್ವ?"

"ಸಂಡಿಗಿ ಒಣಗಿರತಾವ, ತಗದಿಡು ಅಂದ್ಲು."

"ನನ್ನ ಬಗ್ಗೆ ಏನರ ಅಂದ್ಲೇನು?"

ಅಂದಿರಲಿಲ್ಲ. ನಾನು ಇಲ್ಲ ಎಂದೆ. ಅಪ್ಪ ತಲೆಯಾಡಿಸಿ, ನನ್ನ ಕೈ ಹಿಡಿದುಕೊಂಡರು. ಅವರ ಕೈಯಲ್ಲಿ ಔಷಧದ ಕಂದುಕಲೆ ಇನ್ನೂ ಹೋಗಿರಲಿಲ್ಲ.

ದಿನಕರ್ಮ ಮುಗಿದ ಮೇಲೆ ಅವರು ಮತ್ತೆ ಹೊರಟು ನಿಂತಾಗ ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. ಹೆಂಡತಿಯನ್ನು ಕಳೆದುಕೊಂಡದ್ದು ಸಾಲದೇ ಎಂದು ಅತ್ತಳು. "ಇನ್ನ ಊರು ಉಳದಾವಬೇ" ಎಂದಷ್ಟೇ ಹೇಳಿ ಅಪ್ಪ ಹೋದರು. ಮಳೆ ಹಿಡಿದು ರೋಗ ಇಳಿಯುವವರೆಗೂ ಬಾವಿ ಬಾವಿ ತಿರುಗಿದರು.

ಅದು ಮುಗಿದ ಮೇಲೆ ತಹಸೀಲ್ದಾರರ ಬಳಿ ಹೋಗಿ, ತಮಗೆ ಇನ್ನು ಕಚೇರಿಯೊಳಗೇ ಕೆಲಸ ಕೊಡಿ ಎಂದು ಕೇಳಿಕೊಂಡರು. ತಹಸೀಲ್ದಾರರು ನಂಬಲಿಲ್ಲವಂತೆ, ಒಂದು ವಾರ ಯೋಚಿಸಿ ಬನ್ನಿ ಎಂದರಂತೆ. ಅಪ್ಪ ವಾರ ಕಳೆದು ಮತ್ತೆ ಹೋದರು. ಕುದುರೆಯನ್ನು ಪರಿಚಯದ ಒಬ್ಬ ಗೌಡರಿಗೆ ಕೊಟ್ಟರು. ಗೌಡರು ಅದನ್ನು ಹಿಡಿದುಕೊಂಡು ಹೋಗುವಾಗ ಅಪ್ಪ ಹೊರಗೆ ಬರದೆ, ಪಡಸಾಲೆಯಲ್ಲಿ ತಂಗಿಯ ತಲೆ ಬಾಚುತ್ತಿದ್ದರು. ಹೆರಳು ಹಾಕುವುದನ್ನು ಅಜ್ಜಿಯಿಂದ ಕಲಿತಿದ್ದರು. ಮೊದಮೊದಲು ಜಡೆ ಸೊಟ್ಟಗಿರುತ್ತಿತ್ತು, ತಂಗಿ ಅಳುತ್ತಿದ್ದಳು, ಅವರು ಬಿಚ್ಚಿ ಮತ್ತೆ ಹಾಕುತ್ತಿದ್ದರು.

ಮುಂದಿನ ವರ್ಷಗಳೆಲ್ಲ ಅವರು ಕಿಟಕಿ ಚಿಕ್ಕದಾದ ಒಂದು ಕೋಣೆಯಲ್ಲಿ ಕುಳಿತು ಉರ್ದು ಕಾಗದಗಳನ್ನು ಬರೆದರು. ಬಿಸಿಲಿಗೆ ಕಪ್ಪಾಗಿದ್ದ ಮುಖ ಬಿಳಿಚಿಕೊಂಡಿತು. ದಮ್ಮು ಹತ್ತಿತು. ಅಜ್ಜಿಯೂ ಹೋದಳು. ಗಂಗಾವತಿಯ ಹೊಳೆಗೆ ಹೋಗೋಣವೆಂದು ತಂಗಿ ಎಷ್ಟೋ ಸಲ ಕೇಳಿದಳು. ಮುಂದಿನ ಶುಕ್ರವಾರ ಎನ್ನುತ್ತಿದ್ದರು. ಅವಳಿಗೆ ಈಜು ಕಲಿಸಲೇ ಇಲ್ಲ.

ನನ್ನನ್ನು ಕೊಪ್ಪಳಕ್ಕೆ ಕೊಟ್ಟರು. ನನ್ನ ಮೊದಲ ಮಗುವಿಗೆ ಹಲ್ಲು ಬರುವ ಹೊತ್ತಿಗೆ ಅಪ್ಪನಿಗೆ ದಮ್ಮು ಹೆಚ್ಚಾಗಿದೆಯೆಂದು ಸುದ್ದಿ ಬಂತು. ಹೋಗಿ ನೋಡಿದರೆ ಅಂಗಳದ ಬೇವಿನ ಗಿಡದ ಕೆಳಗೆ ಹೊರಸು ಹಾಕಿಸಿಕೊಂಡು ಮಲಗಿದ್ದರು. ಗಾಳಿ ಜೋರಿದೆ, ಒಳಗೆ ಮಲಗಿಸೋಣವೆಂದು ನಾನು ತಂಗಿಗೆ ಹೇಳಿದ್ದು ಅವರಿಗೆ ಕೇಳಿಸಿತು.

"ಒಳಗ ಒಯ್ಯಬ್ಯಾಡ್ರವ್ವ. ಒಳಗ ಭಾಳ ದಿನ ಕುಂತೀನಿ."

ಒಯ್ಯಲಿಲ್ಲ. ಎರಡು ದಿನದ ಮೇಲೆ, ತಂಗಿ ಗಂಜಿ ತರಲು ಒಳಗೆ ಹೋಗಿದ್ದಾಗ, ಬಿಸಿಲು ಇನ್ನೂ ಎಳೆಯದಾಗಿರುವಾಗಲೇ ಅವರ ಉಸಿರು ನಿಂತಿತು. ಗಂಜಿಯ ಬಟ್ಟಲು ಹಿಡಿದುಕೊಂಡು ಬಂದ ತಂಗಿ, ಅಪ್ಪ ಮಲಗಿದ್ದಾರೆಂದು ತಿಳಿದು, ಅದು ಆರದಂತೆ ಮುಚ್ಚಿಟ್ಟು ಪಕ್ಕದಲ್ಲಿ ಕುಳಿತಳು. ನಾನೇ ಅವಳಿಗೆ ಹೇಳಬೇಕಾಯಿತು.